ಲಕ್ವ ಹೊಡೆದ ಮೇಲೆ ಕೆಮ್ಮಿಗೂ ಬೇಕು ಕಸರತ್ತು

‘ಕೈಕಾಲು ಯಾವಾಗ ಬತ್ತವೆ ಸಾ?’ ಪಾರ್ಶ್ವವಾಯು ಆದವರನ್ನು ಮೈಸೂರಿನ ಆಸ್ಪತ್ರೆಯಿಂದ ನಂಜನಗೂಡಿಗೋ ತಿ. ನರಸೀಪುರಕ್ಕೋ ಕರೆದುಕೊಂಡು ಹೋಗುವ ಮನೆಯವರು ವೈದ್ಯರನ್ನು ಕೇಳುವುದು ಇದನ್ನೇ. ಊರು ಮುಟ್ಟಿದ ಮೇಲೂ ಚಿಂತೆಯೆಲ್ಲ ಕೈಕಾಲಿನದೇ. ನಾಟಿ ವೈದ್ಯರ ಎಣ್ಣೆ ಬರುತ್ತದೆ, ಯಾರೋ ಪಾರಿವಾಳದ ರಕ್ತ ಹಚ್ಚಿ ಎನ್ನುತ್ತಾರೆ, ಬಿಸಿನೀರಿನ ಶಾಖ ನಡೆಯುತ್ತದೆ. ಎದೆಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮೊದಲ ಹೊಡೆತದಲ್ಲಿ ಬದುಕುಳಿದವರನ್ನು ಆಮೇಲೆ ಕೊಂಡೊಯ್ಯುವ ಕಾಯಿಲೆಗಳಲ್ಲಿ ನ್ಯುಮೋನಿಯಾ ಮುಂಚೂಣಿಯಲ್ಲಿದೆ.

ಕೈಕಾಲಿನಷ್ಟು ಕಣ್ಣಿಗೆ ಕಾಣದಿದ್ದರೂ ಲಕ್ವ ಉಸಿರಾಟದ ಸ್ನಾಯುಗಳಿಗೂ ಹೊಡೆಯುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಹಾಸಿರುವ ವಪೆ, ಸ್ವಾಧೀನ ತಪ್ಪಿದ ಬದಿಯಲ್ಲಿ ಸರಿಯಾಗಿ ಕೆಳಗಿಳಿಯುವುದಿಲ್ಲ. ಆ ಕಡೆಯ ಪಕ್ಕೆಲುಬು ಅರಳುವುದು ಕಡಿಮೆ, ಹೊಟ್ಟೆಯ ಸ್ನಾಯುಗಳೂ ಸೋತಿರುತ್ತವೆ. ಸುಮ್ಮನೆ ಮಲಗಿದ್ದಾಗ ಈ ಕೊರತೆ ಗೊತ್ತಾಗದು, ಕೆಮ್ಮಿದಾಗ ಗೊತ್ತಾಗುತ್ತದೆ. ಗಟ್ಟಿಯಾಗಿ ಕೆಮ್ಮಲು ಮೊದಲು ಉಸಿರು ತುಂಬಿಕೊಳ್ಳಬೇಕು, ಗಂಟಲು ಮುಚ್ಚಿ ಒತ್ತಡ ಕಟ್ಟಬೇಕು, ಆಮೇಲೆ ಹೊಟ್ಟೆ ಬಿಗಿದು ಒಮ್ಮೆಲೇ ಹೊರದಬ್ಬಬೇಕು. ಈ ಮೂರರಲ್ಲಿ ಯಾವುದು ಸೋತರೂ ಕಫ ಒಳಗೇ ಉಳಿಯುತ್ತದೆ. ಜೊತೆಗೆ ನುಂಗುವ ಶಕ್ತಿಯೂ ಕುಂದಿದ್ದರೆ ಕುಡಿದ ನೀರು, ತಮ್ಮದೇ ಜೊಲ್ಲು ಶ್ವಾಸನಾಳಕ್ಕೆ ಜಾರುತ್ತದೆ. ಕೆಲವರಿಗೆ ಜಾರಿದ್ದು ತಿಳಿಯುವುದೂ ಇಲ್ಲ, ಒಂದು ಕೆಮ್ಮೂ ಬರುವುದಿಲ್ಲ.

ನಂಜನಗೂಡು ರೋಗಿಗಳು ಹರಕೆ ಹೊರುವ ಊರು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ್ ಇಲ್ಲಿನ ಶ್ರೀಕಂಠೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದ ಕಥೆ ಮಕ್ಕಳಿಗೂ ಗೊತ್ತು. ಹಾಗಾಗಿ ಹಾಸಿಗೆ ಹಿಡಿದವರ ಬಾಯಿಗೆ ಒಂದು ಉದ್ಧರಣೆ ತೀರ್ಥ ಬಿಡುವುದು ಸಹಜವೇ. ನರಸೀಪುರದವರಿಗೆ ಕಾವೇರಿ–ಕಪಿಲೆ ಕೂಡುವ ಸಂಗಮದ ನೀರು ಅಷ್ಟೇ ಪವಿತ್ರ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ; ಅಂಗಾತ ಮಲಗಿಸಿ ಬಾಯಿಗೆ ಬಿಡುವುದರ ಬಗ್ಗೆ ಇದೆ. ತೀರ್ಥವನ್ನು ತಲೆಗೆ ಪ್ರೋಕ್ಷಿಸಿದರೂ ನಂಜುಂಡ ಬೇಸರ ಮಾಡಿಕೊಳ್ಳುವವನಲ್ಲ. ನೀರು, ಕಾಫಿ, ಎಳನೀರಿನಂಥ ತೆಳು ದ್ರವ ಗಂಟಲಲ್ಲಿ ಬೇಗ ಹರಿದುಹೋಗುವುದರಿಂದ ಅದನ್ನು ತಡೆದು ನುಂಗುವುದೇ ಕಷ್ಟ. ಯಾರಿಗೆ ಯಾವ ಹದದ ಆಹಾರ ಎಂಬುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಈ ಕೆಲಸ ವಾಕ್ ತಜ್ಞರದು. ಈ ಎರಡು ತಾಲ್ಲೂಕಿನವರು ಅದಕ್ಕಾಗಿ ದೂರ ಹೋಗಬೇಕಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಅದರದೊಂದು ಹೊರಸೇವಾ ಕೇಂದ್ರವನ್ನೂ ತೆರೆಯಲಾಗಿದೆ. ಕಿವಿ ಕೇಳಿಸದವರಿಗೆ, ಮಾತು ಬಾರದ ಮಕ್ಕಳಿಗೆ ಮಾತ್ರ ಅದು ಎಂದು ಜನ ತಿಳಿದಿರುವುದರಿಂದ ಲಕ್ವದವರ ಮನೆಯವರಿಗೆ ಅದರ ನೆನಪೇ ಆಗುವುದಿಲ್ಲ.

ಇನ್ನು ಉಸಿರಿನ ವ್ಯಾಯಾಮ. ಇದಕ್ಕೆ ಬೇಕಾದ ಮುಖ್ಯ ಉಪಕರಣ ಎಷ್ಟೋ ಮನೆಗಳಲ್ಲಿ ಆಗಲೇ ಇದೆ. 2020ರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಹಬ್ಬಿ ಇಡೀ ರಾಜ್ಯ ಈ ಕಡೆ ತಿರುಗಿ ನೋಡಿತ್ತಲ್ಲ, ಆ ಕಾಲದಲ್ಲಿ ಕೊಂಡ ಮೂರು ಚೆಂಡಿನ ಸ್ಪೈರೋಮೀಟರ್ ಹಲವರ ಶೋಕೇಸಿನಲ್ಲಿ ಧೂಳು ತಿನ್ನುತ್ತಿದೆ. ಬೇರೊಬ್ಬರು ಬಳಸಿದ್ದಾದರೆ ಬಾಯಿ ಕೊಳವೆ ಹೊಸದಿರಲಿ. ಚೆಂಡುಗಳಿರುವ ಗೂಡುಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಸೆಕೆಂಡಿಗೆ ಅಷ್ಟು ಮಿಲಿಲೀಟರ್ ಗಾಳಿ ಎಳೆದರೆ ಆ ಚೆಂಡು ಮೇಲೇಳುತ್ತದೆ. ಎಳೆದರೆ ಎಂದದ್ದನ್ನು ಗಮನಿಸಿ, ಎಷ್ಟೋ ಮಂದಿ ಅದನ್ನು ಪೀಪಿಯಂತೆ ಊದುತ್ತಾರೆ! ಮುಖ ಒಂದು ಕಡೆ ವಾಲಿದವರಿಗೆ ತುಟಿಯ ಸಂದಿನಲ್ಲಿ ಗಾಳಿ ಸೋರುತ್ತದೆ. ಸೋತ ಬದಿಯ ತುಟಿಯನ್ನು ಮನೆಯವರು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದರೆ ಚೆಂಡು ಏಳುತ್ತದೆ.

ಉಪಕರಣವಿಲ್ಲದೆಯೂ ಆಗುತ್ತದೆ. ದಿಂಬು ಒರಗಿಸಿ ನೆಟ್ಟಗೆ ಕೂರಿಸಿ, ಸ್ವಾಧೀನವಿರುವ ಕೈಯನ್ನು ಹೊಟ್ಟೆಯ ಮೇಲಿಡಿಸಿ. ಮೂಗಿನಲ್ಲಿ ಉಸಿರೆಳೆದಾಗ ಆ ಕೈ ಮೇಲೇಳಬೇಕು. ಹೊರಬಿಡುವಾಗ ತುಟಿ ಸಣ್ಣ ಮಾಡಿ ನಿಧಾನ ಬಿಡಬೇಕು. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಬೆಳೆದ ಅಜ್ಜಿಯರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಕನ್ನಡಿಗೆ ಆವಿ ಹಿಡಿಸುವಂತೆ ಬಾಯಿ ತೆರೆದು ‘ಹಾ’ ಎಂದು ಬಿಡುವುದು ಕಫವನ್ನು ಮೇಲೆ ತರುತ್ತದೆ. ಮಾತು ಉಳಿದವರಾದರೆ ಒಂದೇ ಉಸಿರಿಗೆ ಎಷ್ಟು ಅಂಕಿ ಎಣಿಸಬಲ್ಲರೋ ನೋಡಬಹುದು. ಭಜನೆಯ ಅಭ್ಯಾಸವಿದ್ದವರು ಹಾಡಲಿ. ಒಮ್ಮೆಗೆ ಐದಾರು ಉಸಿರು ಸಾಕು, ತಲೆ ಸುತ್ತಿದರೆ ನಿಲ್ಲಿಸಬೇಕು. ಊಟವಾದ ಕೂಡಲೇ ಬೇಡ.

ಇಷ್ಟಕ್ಕೆ ಕೈ ಬರುತ್ತದೆಯೇ? ಇಲ್ಲ. 2012ರಲ್ಲಿ ಪುರಾವೆಗಳನ್ನು ತೂಗಿದ ಕಾಕ್ರೇನ್ ಪರಿಶೀಲನೆಗೆ ಸಿಕ್ಕಿದ್ದು ಎರಡೇ ಪ್ರಯೋಗ. ಏನನ್ನೂ ಖಚಿತವಾಗಿ ಹೇಳಲಾಗದು ಎಂದಿತು. 2016ರಲ್ಲಿ ಐದು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಇನ್ನೊಂದು ಪರಿಶೀಲನೆ, ಉಸಿರಾಟದ ಸ್ನಾಯುಗಳಿಗೆ ತರಬೇತಿ ಕೊಟ್ಟರೆ ಅವು ಬಲಗೊಳ್ಳುತ್ತವೆ, ಎದೆಯ ತೊಂದರೆಗಳು ತಗ್ಗುತ್ತವೆ ಎಂದಿತು. ಸಣ್ಣ ಪ್ರಯೋಗಗಳು, ಸಣ್ಣ ಲಾಭ. ಆದರೆ ಆ ಲಾಭ ಜೀವ ಉಳಿಸುವ ಕಡೆಯದು.

ಪ್ರಾಣಾಯಾಮದಿಂದ ಮಿದುಳಿನ ನರ ತೆರೆದುಕೊಳ್ಳುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವುದನ್ನು ಮಾತ್ರ ನಂಬಬೇಡಿ. ಮೈಸೂರು ಸೀಮೆಯವರಿಗೆ ಯೋಗದ ಅಭಿಮಾನ ಜಾಸ್ತಿ, ಇರಬೇಕಾದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ 1935ರ ಸುಮಾರಿಗೆ ಯಂತ್ರ ಹಿಡಿದು ಅವರ ನಾಡಿಬಡಿತ ಅಳೆದರು. ಆದರೆ ಅದು ವರ್ಷಗಟ್ಟಲೆ ಸಾಧನೆ ಮಾಡಿದ ಗಟ್ಟಿ ದೇಹ. ಬಿ.ಪಿ. ಏರಿ ಲಕ್ವ ಹೊಡೆಸಿಕೊಂಡವರು ಕಪಾಲಭಾತಿ, ಭಸ್ತ್ರಿಕಾ ಮಾಡುವುದು, ಉಸಿರು ಬಿಗಿಹಿಡಿದು ಕುಂಭಕ ಮಾಡುವುದು ಅಪಾಯ.

ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದೂ ಸರಿಯಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1250 ಪಾರ್ಶ್ವವಾಯು ರೋಗಿಗಳನ್ನು ಸೇರಿಸಿಕೊಂಡ ‘ಅಟೆಂಡ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕುಟುಂಬದವರಿಗೇ ತರಬೇತಿ ಕೊಟ್ಟು ಮನೆಯಲ್ಲಿ ಪುನಶ್ಚೇತನ ಮಾಡಿಸಿದರೂ ಸಾವು ಮತ್ತು ಪರಾವಲಂಬನೆ ಕಡಿಮೆಯಾಗಲಿಲ್ಲ. ಸೊಸೆಯೋ ಮಗಳೋ ಎಷ್ಟೇ ಶ್ರದ್ಧೆಯಿಂದ ಮಾಡಿಸಿದರೂ ಫಿಸಿಯೊಥೆರಪಿಸ್ಟ್ ಆಗಾಗ ನೋಡಿ ತಿದ್ದಬೇಕು. ಹಳ್ಳಿಯಿಂದ ಮಾತಾಡಲಾಗದ ರೋಗಿಯನ್ನು ಆಟೊದಲ್ಲಿ ಕೂರಿಸಿಕೊಂಡು, ಒಂದು ದಿನದ ಕೂಲಿ ಬಿಟ್ಟು ಬರುವ ಮನೆಗೆ ವಾರಕ್ಕೆರಡು ಸಲ ಮೈಸೂರು ಆಗದ ಮಾತು. ಆ ಸೇವೆ ತಾಲ್ಲೂಕು ಆಸ್ಪತ್ರೆಯಲ್ಲೇ, ಸಾಧ್ಯವಾದರೆ ಮನೆಬಾಗಿಲಲ್ಲೇ ಸಿಗಬೇಕು. ಜನಪ್ರತಿನಿಧಿಗಳನ್ನು ಸ್ಕ್ಯಾನಿಂಗ್ ಯಂತ್ರ ಕೇಳುವಷ್ಟೇ ಜೋರಾಗಿ ಇದನ್ನೂ ಕೇಳಬೇಕು.

ಮನೆಯಲ್ಲಿ ಲಕ್ವದವರಿದ್ದರೆ ಇಷ್ಟು ನೋಡಿಕೊಳ್ಳಿ: ಉಂಡ ಮೇಲೆ ಗಂಟಲು ಗೊರಗೊರ ಎನ್ನುವುದು, ಜ್ವರ, ಏದುಸಿರು, ಇದ್ದಕ್ಕಿದ್ದಂತೆ ಮಂಕು. ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ, ಬಾಯಿಗೆ ಏನೂ ಹಾಕದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟಕ್ಕೇ ಕಷ್ಟವಾಗುತ್ತಿದ್ದರೆ 108ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.