ಮಾಯಿದ ಗಾಯ, ಮಾಯದ ನೋವು

ಗದಗ ಜಿಲ್ಲೆಯ ರಾಜೂರದಲ್ಲಿ ಜೋಳದ ಸುಗ್ಗಿ ನಡೆದಿದೆಯೆಂದು ಭಾವಿಸೋಣ. ಕೊಯ್ಯುವವನೊಬ್ಬನ ಮುಂಗೈಗೆ ಕುಡುಗೋಲು ತಾಗಿ, ಚರ್ಮದೊಡನೆ ಒಳಗಿನ ನರವೂ ಕೊಯ್ದುಹೋಗುತ್ತದೆ. ಕೆಲವು ವಾರಗಳಲ್ಲಿ ಗಾಯ ಮಾಯುತ್ತದೆ. ಎಲ್ಲರಿಗೂ ಹೀಗಾಗದಿದ್ದರೂ ಕೆಲವರಿಗೆ ಕೈಯ ಉರಿ ಮಾತ್ರ ಅಡಗುವುದಿಲ್ಲ. ಅಂಗಿಯ ತೋಳು ಸೋಕಿದರೂ ಕೆಂಡ ತಾಗಿದಂತಾಗುತ್ತದೆ. ‘ಗಾಯವೇ ಇಲ್ಲ, ನೋವೆಲ್ಲಿಯದು?’ ಎಂದು ಮನೆಯವರು ಸಂಶಯಪಡುತ್ತಾರೆ. ಸರ್ಪಸುತ್ತಿನ ಗುಳ್ಳೆಗಳು ಒಣಗಿದ ಮೇಲೂ ಕೆಲವು ವೃದ್ಧರನ್ನು ತಿಂಗಳುಗಟ್ಟಲೆ ಕಾಡುವ ಯಾತನೆಯೂ ನರಕ್ಕೆ ಹಾನಿಯಾದುದರ ಫಲವೇ. ಇಂಥ ನೋವು ಬರಿಯ ಭ್ರಮೆಯೆ?

ಅಲ್ಲ. ಉತ್ತರವನ್ನು ಕೈಯಲ್ಲಿ ಮಾತ್ರವಲ್ಲ, ಬೆನ್ನುಹುರಿಯಲ್ಲಿಯೂ ನಾವು ಹುಡುಕಬೇಕು. ಕೈಯ ನರಗಳು ಬಹುಮಟ್ಟಿಗೆ ಕತ್ತಿನ ಭಾಗದಲ್ಲಿ ಬೆನ್ನುಹುರಿಯನ್ನು ಸೇರುತ್ತವೆ. ಅಲ್ಲಿಗೆ ಬಂದ ಸುದ್ದಿಯೆಲ್ಲವೂ ಮಿದುಳಿಗೆ ಹೋಗುವುದಿಲ್ಲ. ತಡೆಯುವ ನರಕೋಶಗಳೂ ಅಲ್ಲಿವೆ. ೧೯೬೫ರಲ್ಲಿ ಮೆಲ್‌ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಈ ಏರ್ಪಾಡನ್ನು ಬಾಗಿಲಿಗೆ ಹೋಲಿಸಿದರು.

ಈ ನರಕೋಶಗಳ ನಡುವೆ ಮೈಕ್ರೊಗ್ಲಿಯಾ ಎಂಬ ಪುಟ್ಟ ಕೋಶಗಳಿವೆ. ಸ್ಪೇನಿನ ದೆಲ್ ರಿಯೊ ಒರ್ಟೆಗ ಅವರು ೧೯೧೯ರಲ್ಲಿ ಇವನ್ನು ಬೇರೆಯಾಗಿ ಗುರುತಿಸಿದರು. ಹೊಲ ಕಾಯುವವನಂತೆ ಇವು ಸದಾ ಸುತ್ತಮುತ್ತ ಎಚ್ಚರದಿಂದ ನೋಡುತ್ತಿರುತ್ತವೆ. ದೂರದ ನರ ಕಡಿದರೆ, ಆ ನರ ಸೇರುವೆಡೆಯಲ್ಲಿ ಇವು ಕೆಲವೇ ದಿನಗಳಲ್ಲಿ ಕೆರಳಿ, ಸಂಖ್ಯೆಯಲ್ಲಿ ಹೆಚ್ಚಿ, ಪ್ರಬಲ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅಲ್ಲಿ ಕೀವಿಲ್ಲ, ರೋಗಾಣುವಿಲ್ಲ. ಆದರೂ ಇದು ಒಂದು ಬಗೆಯ ಉರಿಯೂತವೇ.

೨೦೦೩ರಲ್ಲಿ ಜಪಾನಿನ ಸುದಾ ಮತ್ತು ಇನೊವೆ, ಕೆನಡಾದ ಸಾಲ್ಟರ್ ಮೊದಲಾದವರು ನರಕ್ಕೆ ಪೆಟ್ಟಾದ ಇಲಿಗಳಲ್ಲಿ ಈ ಕೋಶಗಳ ಒಂದು ಗ್ರಾಹಕವನ್ನು ತಡೆದರು. ಸ್ಪರ್ಶದಿಂದಾಗುತ್ತಿದ್ದ ನೋವು ತಗ್ಗಿತು. ೨೦೦೫ರ ಪ್ರಯೋಗಗಳು ಇದರ ಕಾರಣವನ್ನು ತೋರಿಸಿದುವು. ಮೈಕ್ರೊಗ್ಲಿಯಾ ಸ್ರವಿಸುವ ಒಂದು ಪ್ರೋಟೀನು ನರಕೋಶದೊಳಗಿನ ಕ್ಲೋರೈಡಿನ ಸಮತೋಲವನ್ನು ಕೆಡಿಸುತ್ತದೆ. ಆಗ ತಡೆಯಬೇಕಾದ ಸಂಕೇತವೇ ಕೆರಳಿಸುವ ಸಂಕೇತವಾಗುತ್ತದೆ. ಬಾಗಿಲು ಕಾಯಬೇಕಾದವನೇ ಅಗಳಿ ತೆಗೆದಂತಾಯಿತು!

ಹಾಗಾದರೆ ಈ ಕೋಶಗಳನ್ನು ಅಡಗಿಸಿದರೆ ಸಾಲದೆ? ವಿಷಯ ಅಷ್ಟು ಸರಳವಲ್ಲ. ಗಂಡಿಲಿಗಳಲ್ಲಿ ಫಲಕೊಟ್ಟ ಈ ಉಪಾಯ ಹೆಣ್ಣಿಲಿಗಳಲ್ಲಿ ಫಲಿಸಲಿಲ್ಲವೆಂದು ೨೦೧೫ರಲ್ಲಿ ತಿಳಿದುಬಂದಿತು. ಅವುಗಳಲ್ಲಿ ನೋವಿನ ದಾರಿ ಬೇರೆ. ಸಾಮಾನ್ಯ ನೋವಿನ ಗುಳಿಗೆಗಳೂ ಇಂಥ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದ, ನರಮಂಡಲದ ಮೇಲೆ ಕೆಲಸಮಾಡುವ ಔಷಧಗಳನ್ನು ವೈದ್ಯರು ಕೊಡುತ್ತಾರೆ. ಅವೂ ಎಲ್ಲರಿಗೂ ಒಗ್ಗವು.

ಸಂಶೋಧನೆ ಇನ್ನೂ ಸಾಗಿದೆ. ಆದರೆ ಒಂದು ಮಾತು ಈಗಲೇ ಸ್ಪಷ್ಟ: ಗಾಯ ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಲ್ಲ. ನರಳುವವನನ್ನು ನಟನೆಗಾರನೆಂದು ಜರೆಯದೆ ವೈದ್ಯರ ಬಳಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ.