ನೀರು ನಿಂತ ಹೊಲದಾಗ ಕಬ್ಬಿನ ಬೇರಿನ ಕಥಿ
2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ ಭಾಗದ ಹೊಲಗಳಿಗೆ ನುಗ್ಗಿದಾಗ ನನ್ನ ಕಬ್ಬೂ ಮುಳುಗಿತ್ತು. ನೀರು ಇಳಿದ ಮೇಲೆ ಒಂದು ಬುಡ ಕಿತ್ತು ಮೂಸಿದೆ. ಹುಳಿ ಹೆಂಡದ ವಾಸನೆ! ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅವತ್ತು ನೆನಪಾತು ನೋಡ್ರಿ.

ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗಲ್ಲ. ಸಕ್ಕರೆ ಪೂರ್ತಿ ಉರಿಯದೆ ಅಸಿಟಾಲ್ಡಿಹೈಡ್ ಆಗ್ತೈತಿ. ಈ ಕಿಣ್ವ ಎನ್‌ಎಡಿಎಚ್‌ನಲ್ಲಿದ್ದ ಹೈಡ್ರೋಜನ್ನನ್ನು ಅದಕ್ಕೆ ಸೇರಿಸಿ ಎಥನಾಲ್ ಮಾಡ್ತೈತಿ. ಖಾಲಿಯಾದ ಎನ್‌ಎಡಿ ಮತ್ತೆ ಸಕ್ಕರೆ ಒಡೆಯೋ ಕೆಲಸಕ್ಕೆ ಮರಳ್ತೈತಿ. (ಹೆಸರಿನ ಅರ್ಥ ಹೈಡ್ರೋಜನ್ ತೆಗೆಯೋದು, ಇಲ್ಲಿ ಕೆಲಸ ಉಲ್ಟಾ.) ಬೇರು ಉಸಿರು ಹಿಡಿಯೋದು ಇದರಿಂದಲೇ. ಆದರೆ ಒಂದು ಗ್ಲೂಕೋಸಿಗೆ ಬರೀ 2 ಎಟಿಪಿ. ಗಾಳಿ ಇದ್ದರೆ 30ರ ಆಸುಪಾಸು. ಕೂಡಿಟ್ಟ ಸಕ್ಕರೆ ಬೇಗ ತೀರ್ತೈತಿ.

ಅದಕ್ಕ ಗೊಬ್ಬರದ ಚಿಂತಿ ಆಮೇಲೆ, ಮೊದಲು ಬಸಿಗಾಲುವೆ ತೆಗೀರಿ. ನಾನು ಎರಡು ದಿನ ತಡ ಮಾಡಿದೆ, ತಗ್ಗಿನ ಸಾಲುಗಳು ಹೋದವು.