ರಕ್ತದ ಲೆಕ್ಕ, ಜೀವಕೋಶದ ಲೆಕ್ಕ



ಹೋದ ಬೇಸಿಗೆಯಲ್ಲಿ ನಮ್ಮ ಭಾವ ವೇದಸಂದೂರಿನ ನಮ್ಮ ಮನೆಗೆ ಬಂದು ಎರಡು ಕಾಗದ ಮುಂದಿಟ್ಟರು. ಒಂದು ಮಾಮೂಲಿ ರಕ್ತ ಪರೀಕ್ಷೆ. ಅದರಲ್ಲಿ ಪೊಟ್ಯಾಸಿಯಂ 4.1, ಮೆಗ್ನೀಸಿಯಂ 1.9, ಎರಡೂ ಸರಿಯಾಗಿದ್ದವು. ಇನ್ನೊಂದು, ಯಾವುದೋ ಶಿಬಿರದಲ್ಲಿ ಮಾಡಿಸಿದ ‘ಜೀವಕೋಶದೊಳಗಿನ ಖನಿಜ’ ಪರೀಕ್ಷೆ. ಅದರಲ್ಲಿ ಎರಡೂ ಕಡಿಮೆ ಎಂದು ಕೆಂಪಕ್ಷರದಲ್ಲಿತ್ತು. ಜೊತೆಗೆ ಮೂರು ಡಬ್ಬಿ ಪುಡಿ. “ನೀನು ಬ್ಯಾಂಕಿನಲ್ಲಿದ್ದವನು, ಯಾವ ಲೆಕ್ಕ ಸರಿ ನೋಡಿ ಹೇಳಪ್ಪ” ಎಂದರು. ನಾನು ಮೆಟ್ರಿಕ್ ಓದಿದ ಗುಮಾಸ್ತ, ವೈದ್ಯನಲ್ಲ. ಆಮೇಲೆ ಡಾಕ್ಟರರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳುತ್ತೇನೆ.

ಬ್ಯಾಂಕಿನಲ್ಲಿ ಕೌಂಟರಿನ ಹಣ ಬೇರೆ, ಸ್ಟ್ರಾಂಗ್ ರೂಮಿನ ಹಣ ಬೇರೆ. ಪೊಟ್ಯಾಸಿಯಂ ಕೂಡ ಹಾಗೆಯೇ. ನೂರರಲ್ಲಿ ಸುಮಾರು 98 ಪಾಲು ಜೀವಕೋಶಗಳ ಒಳಗಿದೆ, ಹೊರಗಿರುವುದು ಎರಡೇ ಪಾಲು. ರಕ್ತ ಪರೀಕ್ಷೆ ಎಣಿಸುವುದು ಈ ಕೌಂಟರಿನ ಚಿಲ್ಲರೆಯನ್ನು. ಪ್ರತಿ ಜೀವಕೋಶದ ಗೋಡೆಯಲ್ಲೂ ಒಂದು ಪುಟ್ಟ ಪಂಪು ಇದೆ. ಅದು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಜೆನ್ಸ್ ಸ್ಕೌ 1957ರಲ್ಲಿ ಇದನ್ನು ಕಂಡುಹಿಡಿದರು. ಅದಕ್ಕೆ ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷದ ಮೇಲೆ! ಮೆಗ್ನೀಸಿಯಂ ಇನ್ನೂ ಒಳಗೆ ಅಡಗಿರುತ್ತದೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದ್ದು, ರಕ್ತದ ದ್ರವದಲ್ಲಿ ತೇಲುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ.

ಆದ್ದರಿಂದ ರಕ್ತದಲ್ಲಿ ಸರಿಯಾಗಿದ್ದರೂ ಒಳಗೆ ಕೊರತೆ ಇರಬಹುದು ಎಂದು ಶಿಬಿರದವರು ಹೇಳಿದ್ದು ಸುಳ್ಳಲ್ಲ. ಅದರಿಂದ ಮುಂದೆ ಅವರು ಕಟ್ಟಿದ ಲೆಕ್ಕ ಮಾತ್ರ ತಪ್ಪು. ಕೋಶದೊಳಗಿನ ಮೆಗ್ನೀಸಿಯಂ ಎಂದು ಸಾಮಾನ್ಯವಾಗಿ ಅಳೆಯುವುದು ರಕ್ತದ ಕೆಂಪು ಕಣದ್ದು. ಕೆಂಪು ಕಣ ಬಾಳುವುದು ಸುಮಾರು 120 ದಿನ. ಅದರೊಳಗಿನ ಅಂಕಿಯೇ ಹೃದಯದ ಅಥವಾ ಮಾಂಸಖಂಡದ ಅಂಕಿಯೂ ಆಗಬೇಕೆಂದಿಲ್ಲ. ಒಂದು ಪ್ರಯೋಗಾಲಯದ ‘ಸರಿ’ ಇನ್ನೊಂದರ ‘ಕಡಿಮೆ’ ಆಗಬಹುದು. ಕೂದಲು ಕೊಟ್ಟು ಖನಿಜ ಅಳೆಸುವುದಂತೂ ಇನ್ನೂ ದುರ್ಬಲ ಸಾಕ್ಷಿ.

ಪೊಟ್ಯಾಸಿಯಂ ವಿಷಯದಲ್ಲಿ ಇನ್ನೊಂದು ಮಾತಿದೆ. ಕೌಂಟರಿನ ಚಿಲ್ಲರೆ ಸ್ವಲ್ಪವೇ ಆದರೂ ಹೃದಯದ ಬಡಿತ ಅದರ ಮೇಲೆ ನಿಂತಿದೆ. ಒಂದು ಲೀಟರಿಗೆ 3.5ರಿಂದ 5.0 ಮಿಲಿಮೋಲ್ ಇರಬೇಕು. 6 ದಾಟಿದರೆ ಬಡಿತದ ತಾಳ ತಪ್ಪಬಹುದು, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ. ಹೆಚ್ಚಾದ ಪೊಟ್ಯಾಸಿಯಂ ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಅದು ಸೋತಿದ್ದರೆ ಒಳಗೆ ಬಂದದ್ದು ಅಲ್ಲೇ ನಿಲ್ಲುತ್ತದೆ.

ಭಾವನ ಮೊದಲ ಕಾಗದದ ಕೆಳಗಡೆ ಇನ್ನೊಂದು ಸಾಲಿತ್ತು. ಕ್ರಿಯಾಟಿನಿನ್ 1.9. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಿಗೆ ಅದು ಮೂತ್ರಪಿಂಡ ಸೋಲುತ್ತಿರುವ ಗುರುತು. ಈ ಸಾಲನ್ನು ನರ್ಸಮ್ಮ ತಮಿಳಿನಲ್ಲಿ “ಉಪ್ಪು ಜಾಸ್ತಿ ಇರುಕ್ಕು” ಎಂದು ತಿಳಿಸಿದ್ದರಂತೆ. ನಮ್ಮ ಕಡೆ ಕ್ರಿಯಾಟಿನಿನ್ನಿಗೂ ಉಪ್ಪು, ಯೂರಿಯಾಕ್ಕೂ ಉಪ್ಪು, ಸಾರಿಗೆ ಹಾಕುವುದಕ್ಕೂ ಉಪ್ಪು. ಭಾವ ಮನೆಗೆ ಹೋಗಿ ಸಾರಿನ ಉಪ್ಪನ್ನು ಬದಲಿಸಿದರು. ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣ ತಂದರು. ಸೋಡಿಯಂ ಕಡಿಮೆ ಮಾಡಿದ ಜಾಗದಲ್ಲಿ ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ನಾವು ಹೊಲಕ್ಕೆ ಹಾಕುವ ಪೊಟ್ಯಾಷ್, ತಮಿಳರ ‘ಸಾಂಬಲ್ ಸತ್ತು’. ಶಿಬಿರದ ಒಂದು ಡಬ್ಬಿಯಲ್ಲೂ ಅದೇ. ದಿನಕ್ಕೊಂದು ಎಳನೀರು, ಅದರಲ್ಲೂ ಅದೇ. ಬಿ.ಪಿ.ಗೆ ನುಂಗುತ್ತಿದ್ದ ಟೆಲ್ಮಿಸಾರ್ಟನ್ ಮಾತ್ರೆ ಬೇರೆ ಪೊಟ್ಯಾಸಿಯಂ ಹೊರಗೆ ಹೋಗದಂತೆ ಹಿಡಿದಿಡುತ್ತದೆ. ನಾಲ್ಕು ಕಡೆಯಿಂದ ಜಮೆ, ಖರ್ಚು ಇಲ್ಲ! ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪು ಒಳ್ಳೆಯದೆಂದು ಸಲಹೆ ಕೊಟ್ಟಾಗಲೂ ಗರ್ಭಿಣಿಯರು, ಮಕ್ಕಳು ಮತ್ತು ಮೂತ್ರಪಿಂಡ ಸೋತವರನ್ನು ಹೊರಗಿಟ್ಟೇ ಹೇಳಿತು.

ಪುಡಿ ಶುರುಮಾಡಿ ಎಂಟು ದಿನವಾಗಿತ್ತು. ಅಂದೇ ದಿಂಡಿಗಲ್ಲಿಗೆ ಕರೆದುಕೊಂಡು ಹೋದೆ. ಪೊಟ್ಯಾಸಿಯಂ 6.2 ಬಂತು. ಡಾಕ್ಟರರು ತಕ್ಷಣ ಇ.ಸಿ.ಜಿ. ತೆಗೆಸಿ, ರಕ್ತವನ್ನು ಇನ್ನೊಮ್ಮೆ ಎಳೆಸಿದರು. ಏಕೆಂದರೆ ಈ ಅಂಕಿ ಸುಳ್ಳೂ ಹೇಳುತ್ತದೆ. ರಕ್ತ ತೆಗೆಯುವಾಗ ಪಟ್ಟಿ ಬಿಗಿಯಾಗಿ ಕಟ್ಟಿ ಮುಷ್ಟಿ ಹಿಸುಕಿಸಿದರೆ, ಸೀಸೆ ಬಸ್ಸಿನಲ್ಲಿ ಕುಲುಕಿದರೆ, ಅಥವಾ ಬಹಳ ಹೊತ್ತು ಮಂಜಿನಲ್ಲಿಟ್ಟರೆ ಕಣಗಳ ಒಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಅಂಕಿ ಏರುತ್ತದೆ. ಹಳ್ಳಿಯಲ್ಲಿ ತೆಗೆದ ರಕ್ತ ಪಟ್ಟಣಕ್ಕೆ ಹೋಗಿ ಬರುವ ನಮಗೆ ಇದು ತಿಳಿದಿರಬೇಕು. ಭಾವನದು ಎರಡನೇ ಸಲವೂ ಅಷ್ಟೇ ಬಂತು. ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು 4.6ಕ್ಕೆ ಇಳಿಸಿದರು.

ಹಾಗಾದರೆ ಕೊರತೆ ಯಾರಿಗೂ ಇರುವುದಿಲ್ಲವೇ? ಇರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಬಹಳ ದಿನ ಭೇದಿಯಾದವರು, ಕುಡಿತದವರು, ಪಾಂಟೊಪ್ರಜೋಲ್‌ನಂಥ ಹೊಟ್ಟೆಯುರಿ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರು, ಇವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಈ ಹೊಟ್ಟೆಯುರಿ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿದೆ. ಮೆಗ್ನೀಸಿಯಂ ಇಳಿದಿದ್ದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಮೂತ್ರದಲ್ಲಿ ಹರಿದುಹೋಗುತ್ತದೆ. ಅದಕ್ಕೇ ಡಾಕ್ಟರರು ಎರಡನ್ನೂ ಒಟ್ಟಿಗೆ ನೋಡುವುದು. ಮೂತ್ರಪಿಂಡ ಚೆನ್ನಾಗಿರುವ ಉಳಿದವರಿಗೆ ಡಬ್ಬಿ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ 20ರ ಆಸುಪಾಸು. ನಮ್ಮ ಹಿರಿಯರು ಮುದ್ದೆ ಬಿಟ್ಟು ಅನ್ನಕ್ಕೆ ಬಂದದ್ದು ನನಗೆ ಸಂತೋಷದ ಸಂಗತಿಯೇನಲ್ಲ.

ಕಾಗದ ಓದುವಾಗ ಅಂಕಿಯ ಪಕ್ಕದ ಅಳತೆಯನ್ನೂ ನೋಡಿ. ಪೊಟ್ಯಾಸಿಯಮ್ಮಿಗೆ ಮಿಲಿಮೋಲ್ ಎಂದರೂ ಮಿಲಿ ಈಕ್ವಿವಲೆಂಟ್ ಎಂದರೂ ಅಂಕಿ ಒಂದೇ. ಮೆಗ್ನೀಸಿಯಮ್ಮಿಗೆ ಹಾಗಲ್ಲ. ಲೀಟರಿಗೆ ಒಂದು ಮಿಲಿಮೋಲ್ ಎಂದರೆ ಎರಡು ಮಿಲಿ ಈಕ್ವಿವಲೆಂಟ್, ಡೆಸಿಲೀಟರಿಗೆ ಸುಮಾರು 2.4 ಮಿಲಿಗ್ರಾಂ. ರೂಪಾಯಿಯನ್ನು ಡಾಲರಿನ ಪಕ್ಕ ಹಾಗೇ ಬರೆದರೆ ಲೆಕ್ಕ ತಾಳೆಯಾದೀತೇ? ಡಾಕ್ಟರರ ಬಳಿ ಹೋಗುವಾಗ ಕಾಗದಗಳ ಜೊತೆಗೆ ನೀವು ನುಂಗುವ ಎಲ್ಲ ಮಾತ್ರೆ, ಪುಡಿ, ಅಡಿಗೆಯ ಉಪ್ಪಿನ ಪೊಟ್ಟಣ ಕೂಡ ಚೀಲದಲ್ಲಿ ಹಾಕಿಕೊಂಡು ಹೋಗಿ.

ಭಾವ ಈಗ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಕಾಗದ ಬಂದೊಡನೆ ಮೊದಲು ನೋಡುವುದು ಕೆಳಗಿನ ಸಾಲನ್ನೇ. ಆ ಮೂರು ಡಬ್ಬಿಗಳನ್ನು ನಮ್ಮಕ್ಕ ತೊಳೆದು ಸಾಸಿವೆ, ಮೆಂತ್ಯ, ಜೀರಿಗೆ ತುಂಬಿಟ್ಟಿದ್ದಾಳೆ.